ಗಾಯ ಮೂರೇ, ಆದರೆ ಉಸಿರು ಇನ್ನೂ ಮೊದಲಿನಂತಿಲ್ಲ: ಕೀಹೋಲ್ ಶ್ವಾಸಕೋಶ ಶಸ್ತ್ರಚಿಕಿತ್ಸೆಯ ನಂತರದ ಬದುಕು

ನಿವೃತ್ತ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಒಂಬತ್ತು ವಾರಗಳ ಹಿಂದೆ ನನ್ನ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು (ಅದರ ಮೂರು ಭಾಗಗಳಲ್ಲಿ ಮೇಲಿನದನ್ನು) ಕೀಹೋಲ್ ವಿಧಾನದಲ್ಲಿ, ಅಂದರೆ ವೈದ್ಯರು ‘ವ್ಯಾಟ್ಸ್’ ಎಂದು ಕರೆಯುವ ಕ್ಯಾಮೆರಾ ನೆರವಿನ ಶಸ್ತ್ರಚಿಕಿತ್ಸೆಯಲ್ಲಿ ತೆಗೆದರು. ಕ್ಯಾನ್ಸರ್ ಗಡ್ಡೆ ಎರಡೂವರೆ ಸೆಂಟಿಮೀಟರ್ ಇತ್ತು. ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಕಂಡುಬರಲಿಲ್ಲ. ಕಿಮೊಥೆರಪಿಯ ಅಗತ್ಯವಿಲ್ಲ ಎಂದರು. ಇಷ್ಟು ಒಳ್ಳೆಯ ಸುದ್ದಿ ಸಿಕ್ಕ ಮೇಲೂ ನಾನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಶಸ್ತ್ರಚಿಕಿತ್ಸೆಗೆ ಮೊದಲು ನನಗೆ ಹೇಳಿದ್ದು, ‘ಮೂರು ಸಣ್ಣ ಗಾಯ ಅಷ್ಟೇ, ಒಂದು ತಿಂಗಳಲ್ಲಿ ಮೊದಲಿನಂತೆ ಓಡಾಡಿಕೊಂಡಿರುತ್ತೀರಿ’ ಎಂದು. ಗಾಯಗಳು ನಿಜಕ್ಕೂ ಚೆನ್ನಾಗಿ ಮಾಗಿವೆ. ಆದರೆ ಬಲ ಸ್ತನದ ಕೆಳಗೆ ಅಂಗೈ ಅಗಲದ ಜಾಗ ಮರಗಟ್ಟಿದೆ; ಅಲ್ಲಿ ಬಟ್ಟೆಯ ಅಂಚು ತಾಗಿದರೆ ಮಾತ್ರ ಸುಟ್ಟಂತಾಗುತ್ತದೆ. ಸ್ವಲ್ಪ ಹೊತ್ತು ಮಾತನಾಡಿದರೆ ಒಣಕೆಮ್ಮು ಒತ್ತಿಕೊಂಡು ಬರುತ್ತದೆ. ಎರಡನೆಯ ಮಹಡಿಗೆ ಹತ್ತುವಷ್ಟರಲ್ಲಿ ಏದುಸಿರು. ಬಲಮಗ್ಗುಲಿಗೆ ಹೊರಳಿ ಮಲಗುವುದು ಇನ್ನೂ ಆಗುತ್ತಿಲ್ಲ. ಮನೆಯವರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ, ಆದರೆ ಗಾಯದ ಗುರುತನ್ನು ನೋಡಿದಾಗಲೆಲ್ಲ, ಇಷ್ಟು ಚಿಕ್ಕದಕ್ಕೆ ಇಷ್ಟು ದಿನ ಬೇಕೇ ಎಂಬ ಪ್ರಶ್ನೆ ಅವರ ಮುಖದಲ್ಲಿ ಕಾಣುತ್ತದೆ. ಆ ಪ್ರಶ್ನೆ ಈಗ ನನ್ನೊಳಗೂ ಸೇರಿಕೊಂಡಿದೆ.

ಇದೇ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರು, ಮಾಡುವವರು, ರೋಗಿಗಳನ್ನು ನೋಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ: ಇದು ಎಲ್ಲರಿಗೂ ಆಗುವುದೇ, ಅಥವಾ ನನ್ನಲ್ಲಿ ಏನಾದರೂ ತಪ್ಪಾಗಿದೆಯೇ?

ನಾಲ್ಕು ವರ್ಷ ಕಳೆದವನು

ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನಗೆ ಎಡ ಶ್ವಾಸಕೋಶದ ಕೆಳಹಾಲೆಯನ್ನು ಇದೇ ವಿಧಾನದಲ್ಲಿ ತೆಗೆದು ನಾಲ್ಕು ವರ್ಷವಾಯಿತು. ನೀವು ಹೇಳಿದ ಮರಗಟ್ಟುವಿಕೆ ನನಗೂ ಇತ್ತು. ಅಂಗಿಯ ಗುಂಡಿ ತಾಗಿದರೂ ಸಹಿಸಲಾಗದೆ ಎರಡು ತಿಂಗಳು ಹಳೆಯ, ಮೆತ್ತಗಿನ ಬನಿಯನ್ನೇ ತಿರುಗಾಮುರುಗಾ ಹಾಕಿಕೊಂಡಿದ್ದೆ, ಏಕೆಂದರೆ ಒಳಹೊಲಿಗೆ ಚರ್ಮಕ್ಕೆ ತಾಗುತ್ತಿರಲಿಲ್ಲ. ಆ ಉರಿ ಐದಾರು ತಿಂಗಳಿಗೆ ಹೋಯಿತು. ಮರಗಟ್ಟಿದ ಜಾಗ ಕುಗ್ಗುತ್ತಾ ಬಂದು ಈಗ ಎರಡು ಬೆರಳಿನಷ್ಟು ಉಳಿದಿದೆ, ಮುಟ್ಟಿ ನೋಡಿದಾಗ ಮಾತ್ರ ಅದು ಅಲ್ಲಿದೆ ಎಂದು ನೆನಪಾಗುತ್ತದೆ.

ಉಸಿರಿನ ವಿಷಯ ಬೇರೆ. ನಮ್ಮ ಮನೆಯ ಮೆಟ್ಟಿಲು ಒಟ್ಟು 44. ಮೂರನೆಯ ವಾರದಲ್ಲಿ ಮೇಲಕ್ಕೆ ತಲುಪುವಷ್ಟರಲ್ಲಿ ನಾಲ್ಕು ಕಡೆ ಕಂಬಿ ಹಿಡಿದು ನಿಲ್ಲುತ್ತಿದ್ದೆ. ನಿಂತ ಮೆಟ್ಟಿಲಿನ ಸಂಖ್ಯೆಯನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡುತ್ತಾ ಬಂದೆ. ದಿನದಿಂದ ದಿನಕ್ಕೆ ನೋಡಿದರೆ ಏನೂ ಬದಲಾಗುತ್ತಿರಲಿಲ್ಲ, ಕೆಲವು ದಿನ ಹಿಂದಕ್ಕೂ ಹೋಗುತ್ತಿತ್ತು. ಆದರೆ ತಿಂಗಳ ಹಾಳೆಯನ್ನು ತಿರುವಿ ಹಿಂದಿನದರ ಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಐದನೆಯ ತಿಂಗಳಲ್ಲಿ ಒಂದು ಸಲ ಮಾತ್ರ ನಿಲ್ಲುವ ಹಂತಕ್ಕೆ ಬಂದೆ. ಈಗಲೂ ಕೈಯಲ್ಲಿ ಭಾರವಿದ್ದರೆ ಮಧ್ಯದಲ್ಲಿ ನಿಲ್ಲುತ್ತೇನೆ. ಮೊದಲಿನಂತೆಯೇ ಆದೆನೇ ಎಂದು ಕೇಳಿದರೆ, ಆಗಲಿಲ್ಲ. ಬೇಕಾದ ಕೆಲಸವೆಲ್ಲ ಮಾಡುತ್ತಿದ್ದೇನೆಯೇ ಎಂದರೆ, ಹೌದು, ಮಾಡುತ್ತಿದ್ದೇನೆ.

ಎದೆಗೂಡಿನ ಶಸ್ತ್ರವೈದ್ಯ

ಮೇಡಂ, ನಿಮ್ಮನ್ನು ಪರೀಕ್ಷಿಸದೆ ನಿಮ್ಮ ಬಗ್ಗೆ ಏನನ್ನೂ ನಿರ್ಧರಿಸಿ ಹೇಳಲಾರೆ. ಆದರೆ ನೀವು ವಿವರಿಸಿದ ಮೂರೂ ತೊಂದರೆಗಳು ಈ ಶಸ್ತ್ರಚಿಕಿತ್ಸೆಯ ನಂತರ ನಾವು ಮೇಲಿಂದ ಮೇಲೆ ನೋಡುವಂಥವೇ. ‘ಒಂದು ತಿಂಗಳಲ್ಲಿ ಮೊದಲಿನಂತೆ’ ಎಂಬ ಮಾತನ್ನು ನನ್ನಂಥವರೇ ರೋಗಿಗೆ ಧೈರ್ಯ ತುಂಬಲು ಹೇಳಿಬಿಡುತ್ತೇವೆ. ಅದು ಹೇಳಬಾರದ ಮಾತು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಒಂದು ತಿಂಗಳಾದ ಮೇಲೂ ನೋವಿರುವ ರೋಗಿ ತಪ್ಪು ತನ್ನದೇ ಎಂದುಕೊಳ್ಳುತ್ತಾರೆ.

ಹಳೆಯ ತೆರೆದ ವಿಧಾನದಲ್ಲಿ ಪಕ್ಕೆಲುಬುಗಳ ನಡುವೆ ಲೋಹದ ಸಾಧನವನ್ನಿಟ್ಟು ಅವುಗಳನ್ನು ಅಗಲಿಸುತ್ತಿದ್ದೆವು. ಕೀಹೋಲ್ ವಿಧಾನದ ಮುಖ್ಯ ಲಾಭವೆಂದರೆ ಆ ಅಗಲಿಸುವಿಕೆ ಇರುವುದಿಲ್ಲ; ಚರ್ಮದ ಮೇಲಿನ ಗಾಯ ಸಣ್ಣದಾಗುವುದು ಅದರ ಜೊತೆಗೆ ಬರುವ ಲಾಭ. ಆದರೆ ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಹಾದುಹೋಗುತ್ತದೆ. ಕ್ಯಾಮೆರಾ ಮತ್ತು ಉಪಕರಣಗಳು ಆ ಕಿರಿದಾದ ಸಂದಿನಲ್ಲೇ ಗಂಟೆಗಟ್ಟಲೆ ಓಡಾಡುತ್ತವೆ, ನಂತರ ಎದೆಯೊಳಗಿನ ದ್ರವ, ಗಾಳಿಯನ್ನು ಹೊರಬಿಡುವ ಡ್ರೈನ್ ನಳಿಕೆಯೂ ಅಲ್ಲಿಯೇ ಕೂರುತ್ತದೆ. ನರ ಜಜ್ಜಿದರೆ ಅದು ಹರಡಿಕೊಂಡಿರುವ ಜಾಗದಲ್ಲಿ, ಅಂದರೆ ಗಾಯದಿಂದ ದೂರದಲ್ಲಿ, ಮುಂಭಾಗದಲ್ಲಿ, ಸ್ತನದ ಕೆಳಗೆ ಜೋಮು ಮತ್ತು ಉರಿ ಕಾಣಿಸಿಕೊಳ್ಳುತ್ತದೆ. ಗಾಯ ಬೆನ್ನ ಪಕ್ಕದಲ್ಲಿದೆ, ಉರಿ ಮುಂದೆ ಏಕೆ ಎಂದು ಗಾಬರಿಯಾಗುವವರು ಬಹಳ.

ಕೆಮ್ಮಿನ ಬಗ್ಗೆ: ಮೇಲಿನ ಹಾಲೆ ಹೋದ ಮೇಲೆ ಉಳಿದ ಹಾಲೆಗಳು ಖಾಲಿ ಜಾಗವನ್ನು ತುಂಬಲು ಮೇಲಕ್ಕೆ ಹಿಗ್ಗುತ್ತವೆ, ವಪೆಯೂ ತುಸು ಮೇಲೇರುತ್ತದೆ, ಅದರೊಂದಿಗೆ ಉಳಿದ ಶ್ವಾಸನಾಳ ಬಾಗುತ್ತದೆ. ದುಗ್ಧಗ್ರಂಥಿಗಳನ್ನು ತೆಗೆಯುವಾಗ ಶ್ವಾಸನಾಳದ ಸುತ್ತಲಿನ ಸಣ್ಣ ನರಗಳಿಗೂ ಪೆಟ್ಟಾಗುತ್ತದೆ. ಮಾತು, ಆಳವಾದ ಉಸಿರು, ಮಗ್ಗುಲು ಬದಲಿಸುವುದು ಇವೆಲ್ಲ ಕೆಮ್ಮನ್ನು ಎಬ್ಬಿಸುತ್ತವೆ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಹೊಟ್ಟೆಯ ಆಮ್ಲ ಮೇಲೆ ಬರುವ ತೊಂದರೆಯಿದ್ದರೆ ಅದಕ್ಕೆ ಚಿಕಿತ್ಸೆ ಕೊಟ್ಟಾಗ ಕೆಲವರ ಕೆಮ್ಮೂ ಕಡಿಮೆಯಾಗುತ್ತದೆ.

ಇನ್ನು ಉಸಿರು. ನಾವು ಲೆಕ್ಕ ಹಾಕುವಾಗ ಎರಡೂ ಶ್ವಾಸಕೋಶಗಳನ್ನು ಸೇರಿಸಿ 19 ಖಂಡಗಳೆಂದು, ಅಂದರೆ ಹಾಲೆಗಳೊಳಗಿನ ಸಣ್ಣ ಭಾಗಗಳೆಂದು ಎಣಿಸುತ್ತೇವೆ. ಬಲ ಮೇಲಿನ ಹಾಲೆಯಲ್ಲಿ ಇರುವುದು 3, ಅಂದರೆ ಒಟ್ಟಿನ ಸುಮಾರು ಶೇಕಡಾ 16. ಗಾಯ ಒಂದೇ ಇರಲಿ, ಮೂರಿರಲಿ, ಇಡೀ ಎದೆಯನ್ನೇ ತೆರೆದಿರಲಿ, ಹೋದದ್ದು ಅದೇ ಹಾಲೆ. ಮನೆಯವರಿಗೆ ಇದನ್ನು ಹೀಗೆಯೇ ಹೇಳಿ.

ಆದರೆ ಕೀಹೋಲ್ ವಿಧಾನದಿಂದ ಲಾಭವೇ ಇಲ್ಲ ಎಂದು ಯಾರೂ ತಿಳಿಯಬಾರದು. ಡೆನ್ಮಾರ್ಕಿನ ಓಡೆನ್ಸೆಯಲ್ಲಿ 206 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆಗಳಲ್ಲಿ ಗಣನೀಯ ನೋವಿದ್ದವರು ಕೀಹೋಲ್ ಗುಂಪಿನಲ್ಲಿ ಶೇಕಡಾ 38, ತೆರೆದ ಗುಂಪಿನಲ್ಲಿ ಶೇಕಡಾ 63. ಒಂದು ವರ್ಷದ ಉದ್ದಕ್ಕೂ ಮಧ್ಯಮ ಅಥವಾ ತೀವ್ರ ನೋವಿನ ಪ್ರಸಂಗಗಳು ಕೀಹೋಲ್ ಗುಂಪಿನಲ್ಲಿಯೇ ಕಡಿಮೆ ಇದ್ದವು. ಬ್ರಿಟನ್ನಿನ ಒಂಬತ್ತು ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದ ‘ವಯಲೆಟ್’ ಅಧ್ಯಯನದಲ್ಲಿ ಐದನೆಯ ವಾರದ ದೈಹಿಕ ಸಾಮರ್ಥ್ಯದ ಅಂಕ ಕೀಹೋಲ್ ಗುಂಪಿಗೆ 73, ತೆರೆದ ಗುಂಪಿಗೆ 67. ಆಸ್ಪತ್ರೆಯಲ್ಲಿ ಉಳಿದದ್ದು ನಾಲ್ಕು ದಿನ ಮತ್ತು ಐದು ದಿನ. ಈ 73ನ್ನು ಗಮನಿಸಿ. ಅಂಕ ಇರುವುದು ನೂರಕ್ಕೆ. ಉತ್ತಮ ವಿಧಾನದಲ್ಲಿ ಶಸ್ತ್ರಚಿಕಿತ್ಸೆಯಾದವರೂ ಐದನೆಯ ವಾರದಲ್ಲಿ ಪೂರ್ತಿ ಚೇತರಿಸಿಕೊಂಡಿರಲಿಲ್ಲ.

ಒಂದು ಎಚ್ಚರಿಕೆಯ ಮಾತು. ಜ್ವರ, ದಿನೇ ದಿನೇ ಹೆಚ್ಚುವ ಏದುಸಿರು, ಕಫದಲ್ಲಿ ರಕ್ತ ಅಥವಾ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಊತ, ಎದೆಬಡಿತ ಏರುಪೇರಾಗುವುದು: ಇವುಗಳಲ್ಲಿ ಯಾವುದಿದ್ದರೂ ಇಲ್ಲಿ ಉತ್ತರಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ತಮ್ಮನನ್ನು ಕಳೆದುಕೊಂಡವರು

ನನ್ನ ಮಾತು ಯಾರಿಗಾದರೂ ನೋವುಂಟುಮಾಡಿದರೆ ಕ್ಷಮಿಸಿ. ನನ್ನ ತಮ್ಮನಿಗೆ ಕಾಯಿಲೆ ಗೊತ್ತಾಗುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮಾಡುವ ಹಂತ ದಾಟಿತ್ತು. ಆಪರೇಷನ್ ಮಾಡಬಹುದು ಎಂಬ ಒಂದು ಮಾತಿಗಾಗಿ ನಾವು ಎಷ್ಟು ಬಾಗಿಲು ತಟ್ಟಿದೆವೋ ಲೆಕ್ಕವಿಲ್ಲ. ಗಡ್ಡೆ ಪೂರ್ತಿ ಹೋಗಿದೆ, ಕಿಮೊಥೆರಪಿಯೂ ಬೇಡ ಎನ್ನಿಸಿಕೊಂಡವರು ಜೋಮು, ಕೆಮ್ಮು ಎಂದು ಬರೆಯುವುದನ್ನು ಓದುವಾಗ ನನಗೆ ಕಷ್ಟವಾಗುತ್ತದೆ. ಜೀವ ಉಳಿದಿದೆಯಲ್ಲ, ಉಳಿದದ್ದನ್ನು ಸಹಿಸಿಕೊಳ್ಳಬಾರದೇ?

ಅಪ್ಪನ ಮಗಳು

ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ, ಅದಕ್ಕೆ ಎದುರಾಗಿ ನಾನು ಏನನ್ನೂ ಹೇಳುತ್ತಿಲ್ಲ. ಆದರೆ ‘ಸಹಿಸಿಕೊಳ್ಳಿ’ ಎಂಬ ಮಾತಿನಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಹೇಳಲೇಬೇಕು.

ನಮ್ಮ ಅಪ್ಪನಿಗೆ 68ನೆಯ ವಯಸ್ಸಿನಲ್ಲಿ ಕೀಹೋಲ್ ಶಸ್ತ್ರಚಿಕಿತ್ಸೆಯಾಯಿತು. ನೋಡಲು ಬಂದವರೆಲ್ಲರೂ, ಮೊದಲಿಗೆ ನಾವು ಮಕ್ಕಳೇ, ಎಷ್ಟು ಪುಣ್ಯವಂತರು ನೀವು, ಬೇಗ ಗೊತ್ತಾಯಿತು ಎಂದು ಹೇಳಿದೆವು. ಅಷ್ಟು ಸಲ ಪುಣ್ಯವಂತ ಎನ್ನಿಸಿಕೊಂಡ ಮನುಷ್ಯ ನೋವಾಗುತ್ತಿದೆ ಎಂದು ಹೇಗೆ ಬಾಯಿಬಿಟ್ಟಾನು? ಹೇಗಿದ್ದೀರಿ ಅಪ್ಪ ಎಂದರೆ, ಚೆನ್ನಾಗಿದ್ದೇನಮ್ಮ ಎನ್ನುತ್ತಿದ್ದರು. ನೋವಿನ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರು. ನೋವಾಗುತ್ತದೆಂದು ಆಳವಾಗಿ ಉಸಿರೆಳೆಯುವುದನ್ನು ಬಿಟ್ಟರು, ಕೆಮ್ಮು ಬಂದರೆ ನುಂಗಿಕೊಂಡರು. ಉಸಿರಾಟದ ವ್ಯಾಯಾಮಕ್ಕೆಂದು ಕೊಟ್ಟ ಮೂರು ಚೆಂಡುಗಳ ಸಾಧನ, ಸ್ಪೈರೋಮೀಟರ್, ಮಂಚದ ಪಕ್ಕದಲ್ಲಿ ಇದ್ದಲ್ಲೇ ಇತ್ತು; ದೂಳು ಒರೆಸುವಾಗ ಅದರ ನಳಿಕೆಯನ್ನು ಸುತ್ತಿಟ್ಟ ರಬ್ಬರ್ ಬ್ಯಾಂಡ್ ಆಸ್ಪತ್ರೆಯಿಂದ ಬಂದ ದಿನದ್ದೇ ಎಂದು ನನ್ನ ಕಣ್ಣಿಗೆ ಬಿತ್ತು. ಒಮ್ಮೆಯೂ ಬಿಚ್ಚಿರಲಿಲ್ಲ. ಅದಾದ ಎರಡು ದಿನಕ್ಕೆ ಜ್ವರ ಬಂತು. ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಮತ್ತೆ ಹನ್ನೊಂದು ದಿನ ಆಸ್ಪತ್ರೆ.

ಅಪ್ಪ ಈಗ ಚೆನ್ನಾಗಿದ್ದಾರೆ. ಆದರೆ ನೋವನ್ನು ಹೇಳುವುದು ಕೃತಘ್ನತೆ ಎಂದು ಅವರಿಗೆ ಅನ್ನಿಸುವಂತೆ ಮಾಡಿದವರು ನಾವೇ. ನೋವು ಹೇಳಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ಕ್ಯಾನ್ಸರ್ ವಾರ್ಡಿನ ದಾದಿ

ಮಗಳಾದ ನೀವು ಬರೆದದ್ದನ್ನು ನಾನು ಪ್ರತಿ ವಾರ ನೋಡುತ್ತೇನೆ. ‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ ನಮ್ಮಲ್ಲಿ ಇರುವುದು ಒಂದೇ ಉತ್ತರ. ಆದ್ದರಿಂದಲೇ ಬಿಡಿಬಿಡಿಯಾಗಿ ಕೇಳಬೇಕು. ಇದಕ್ಕೆಂದೇ ಯುರೋಪಿನ ಕ್ಯಾನ್ಸರ್ ಸಂಶೋಧನಾ ಒಕ್ಕೂಟ ಸಿದ್ಧಪಡಿಸಿದ 30 ಪ್ರಶ್ನೆಗಳ ಒಂದು ಪಟ್ಟಿಯಿದೆ; ಶ್ವಾಸಕೋಶದ ಕ್ಯಾನ್ಸರ್ ಇರುವವರಿಗಾಗಿ ಅದಕ್ಕೆ ಇನ್ನೂ 13 ಪ್ರಶ್ನೆಗಳನ್ನು 1994ರಲ್ಲಿ ಸೇರಿಸಿದರು. ಅದರಲ್ಲಿ ಸುಮ್ಮನೆ ಉಸಿರಾಟದ ತೊಂದರೆ ಇದೆಯೇ ಎಂದು ಕೇಳುವುದಿಲ್ಲ. ವಿಶ್ರಾಂತಿಯಲ್ಲಿರುವಾಗ ಏದುಸಿರು ಬಂತೇ, ನಡೆಯುವಾಗ ಬಂತೇ, ಮೆಟ್ಟಿಲು ಹತ್ತುವಾಗ ಬಂತೇ ಎಂದು ಮೂರು ಬೇರೆ ಬೇರೆ ಪ್ರಶ್ನೆಗಳು. ಎದೆಯಲ್ಲಿ ನೋವೇ, ತೋಳು ಭುಜದಲ್ಲಿ ನೋವೇ ಎಂದೂ ಬೇರೆ ಬೇರೆ ಕೇಳುತ್ತದೆ.

ಅಂಥ ಪಟ್ಟಿಗೂ ಸಿಗದ ಸಂಗತಿಗಳಿವೆ. ಶಸ್ತ್ರವೈದ್ಯರು ಹೇಳಿದ ಡೆನ್ಮಾರ್ಕಿನ ಅಧ್ಯಯನದಲ್ಲಿಯೇ ಜೀವನದ ಗುಣಮಟ್ಟವನ್ನು ಎರಡು ಪ್ರಶ್ನಾವಳಿಗಳಿಂದ ಅಳೆದರು. ಒಂದರಲ್ಲಿ ಕೀಹೋಲ್ ಗುಂಪು ಸ್ಪಷ್ಟವಾಗಿ ಮುಂದಿತ್ತು, ಈ 30 ಪ್ರಶ್ನೆಗಳ ಪಟ್ಟಿಯಲ್ಲಿ ಇಡೀ ವರ್ಷಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ಶಿಕ್ಷಕಿಯವರೇ, ಮುಂದಿನ ಭೇಟಿಗೆ ಹೋಗುವಾಗ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ: ಎಷ್ಟು ಮೆಟ್ಟಿಲಿಗೆ ನಿಲ್ಲುತ್ತೇನೆ, ರಾತ್ರಿ ಎಷ್ಟು ಸಲ ಏಳುತ್ತೇನೆ, ಎಷ್ಟು ಹೊತ್ತು ಮಾತನಾಡಿದರೆ ಕೆಮ್ಮು ಬರುತ್ತದೆ. ಅಂಥ ಮೂರು ಸಾಲಿಗೆ ವೈದ್ಯರು ಉತ್ತರ ಕೊಡಲೇಬೇಕಾಗುತ್ತದೆ.

ಇನ್ನೊಂದು ವಿಷಯ, ಯಾರೂ ಎತ್ತಲಿಲ್ಲವಾದ್ದರಿಂದ ಹೇಳುತ್ತೇನೆ. ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್ ಇರುತ್ತದೆ. ಅದರ ಹಿಂದಿನ ವಾರ ನಿದ್ದೆ ಬಾರದಿರುವುದು, ಮನೆಯವರ ಮೇಲೆ ರೇಗುವುದು, ಪ್ರತಿ ಕೆಮ್ಮಿಗೂ ಕ್ಯಾನ್ಸರ್ ಮರಳಿತೇನೋ ಎಂದು ಬೆಚ್ಚುವುದು ಬಹಳ ಮಂದಿಗೆ ಆಗುತ್ತದೆ. ಗಾಯದ ಗುರುತು ಮಾಸಿದ ಮೇಲೂ ಇದು ಉಳಿಯುತ್ತದೆ. ಇದನ್ನೂ ಆ ಚೀಟಿಯಲ್ಲಿ ಬರೆಯಬಹುದು.

ಫಿಸಿಯೋಥೆರಪಿಸ್ಟ್

ಕೆಲಸದ ಮಾತು ಸ್ವಲ್ಪ ಹೇಳುತ್ತೇನೆ. ಏದುಸಿರು ಬಂದರೆ ಶ್ವಾಸಕೋಶಕ್ಕೆ ಹಾನಿಯಾಗುತ್ತಿದೆ ಎಂದು ಹೆದರಿ ಓಡಾಟ ನಿಲ್ಲಿಸುವವರು ನನ್ನ ಬಳಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು. ಓಡಾಟ ನಿಂತರೆ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿಗೆ ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕು, ಆಗ ಏದುಸಿರು ಇನ್ನೂ ಬೇಗ ಬರುತ್ತದೆ. ವೈದ್ಯರು ಬೇಡವೆಂದಿಲ್ಲದಿದ್ದರೆ ದಿನವೂ ನಡೆಯಿರಿ. ಜೊತೆಗಿರುವವರೊಡನೆ ಮಾತನಾಡಲು ಬರಬೇಕು, ಆದರೆ ಹಾಡು ಹೇಳಲು ಬರಬಾರದು, ಅಷ್ಟು ವೇಗ ಸಾಕು.

ಮೆಟ್ಟಿಲಿಗೆ: ಕಾಲೆತ್ತಿ ಮೈಭಾರ ಹಾಕುವಾಗ ಉಸಿರು ಬಿಡಿ, ನಿಂತಾಗ ಎಳೆದುಕೊಳ್ಳಿ. ಅನೇಕರು ತಮಗೆ ಗೊತ್ತಿಲ್ಲದೆಯೇ ಹತ್ತುವಾಗ ಉಸಿರು ಬಿಗಿಹಿಡಿಯುತ್ತಾರೆ. ಏದುಸಿರು ಬಂದಾಗ ತುಟಿಯನ್ನು ಸೀಟಿ ಹೊಡೆಯುವಂತೆ ಚೂಪು ಮಾಡಿ ನಿಧಾನವಾಗಿ ಬಿಡಿ. ಬಿಡುವ ಹೊತ್ತು ಎಳೆಯುವ ಹೊತ್ತಿನ ಎರಡರಷ್ಟಿರಲಿ. ಕೆಮ್ಮು, ಸೀನು ಬಂದರೆ ಮಡಚಿದ ಟವೆಲನ್ನು ಆ ಪಕ್ಕೆಗೆ ಒತ್ತಿ ಹಿಡಿಯಿರಿ. ಆಪರೇಷನ್ ಆದ ಕಡೆಯ ತೋಳನ್ನು ಗೋಡೆಯ ಮೇಲೆ ಬೆರಳುಗಳಿಂದ ಹತ್ತಿಸುತ್ತಾ ಹೋಗಿ, ನಿನ್ನೆ ತಲುಪಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಡಿ. ಭುಜ ಬಿಗಿದುಕೊಂಡರೆ ಆ ಮಗ್ಗುಲಿಗೆ ಮಲಗುವುದು ಇನ್ನೂ ದೂರವಾಗುತ್ತದೆ.

ಶಿಕ್ಷಕಿಯವರಿಗೆ ಒಂದು ಸಲಹೆ ಹೆಚ್ಚಿಗೆ ಇದೆ. ಪಾಠ ಮಾಡಿದವರಿಗೆ ಉದ್ದದ ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸುವ ರೂಢಿ ಇರುತ್ತದೆ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಅಲ್ಪವಿರಾಮ ಬಂದಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳಿ. ಕೆಮ್ಮು ಏಳುವ ಮೊದಲೇ ನಿಲ್ಲುವುದನ್ನು ಗಂಟಲಿಗೆ ಕಲಿಸಬೇಕು.

ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಇರುವವನು

ನನಗೆ ಒಂದೂವರೆ ಸೆಂಟಿಮೀಟರಿನ ಗಡ್ಡೆ ಇದೆ. ಇಡೀ ಹಾಲೆಯ ಬದಲು ಒಂದು ಖಂಡವನ್ನಷ್ಟೇ ತೆಗೆಯಬಹುದು ಎಂದಿದ್ದಾರೆ. ಇಷ್ಟೆಲ್ಲ ಓದಿದ ಮೇಲೆ, ಕಡಿಮೆ ತೆಗೆದಷ್ಟೂ ಉಸಿರು ಹೆಚ್ಚು ಉಳಿಯುತ್ತದೆ ಎಂದು ಖುಷಿಯಾಗಿದೆ. ನಾನು ಯೋಚಿಸುತ್ತಿರುವುದು ಸರಿಯೇ, ಡಾಕ್ಟರೇ?

ಎದೆಗೂಡಿನ ಶಸ್ತ್ರವೈದ್ಯ

ಒಂದು ಮಟ್ಟಿಗೆ ಸರಿ, ಆದರೆ ಲಾಭ ನೀವು ಊಹಿಸಿದಷ್ಟು ದೊಡ್ಡದಲ್ಲ. ಎರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಡ್ಡೆಗಳಿದ್ದ 1106 ರೋಗಿಗಳ ಮೇಲೆ ಜಪಾನಿನಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ, ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯ ಪ್ರಮಾಣ ಹಾಲೆ ತೆಗೆದವರಲ್ಲಿ ಶೇಕಡಾ 12.0 ಇಳಿದಿದ್ದರೆ, ಖಂಡ ತೆಗೆದವರಲ್ಲಿ ಶೇಕಡಾ 8.5 ಇಳಿದಿತ್ತು. ವ್ಯತ್ಯಾಸ ಮೂರೂವರೆ. ಉಳಿದ ಶ್ವಾಸಕೋಶ ಹಿಗ್ಗಿ ಕೊರತೆಯನ್ನು ಎಷ್ಟು ತುಂಬಿಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಐದು ವರ್ಷ ಬದುಕಿದ್ದವರು ಖಂಡ ತೆಗೆದ ಗುಂಪಿನಲ್ಲಿ ಶೇಕಡಾ 94.3, ಹಾಲೆ ತೆಗೆದ ಗುಂಪಿನಲ್ಲಿ 91.1, ಆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಖಂಡ ತೆಗೆದವರಲ್ಲಿಯೇ ಹೆಚ್ಚು, ಶೇಕಡಾ 10.5ಕ್ಕೆ ಎದುರಾಗಿ 5.4. ಆದ್ದರಿಂದ ಗಡ್ಡೆ ಎಲ್ಲಿದೆ, ಅಂಚಿನಲ್ಲಿ ಎಷ್ಟು ಆರೋಗ್ಯಕರ ಅಂಗಾಂಶ ಸಿಗುತ್ತದೆ, ನಿಮ್ಮ ಈಗಿನ ಉಸಿರಿನ ಶಕ್ತಿ ಎಷ್ಟು ಎಂಬುದನ್ನೆಲ್ಲ ನಿಮ್ಮ ವೈದ್ಯರೊಂದಿಗೆ ಕೂತು ಮಾತನಾಡಿ. ಧೂಮಪಾನವಿದ್ದರೆ ಇಂದೇ ನಿಲ್ಲಿಸಿ, ನಡಿಗೆಯನ್ನು ಇಂದೇ ಆರಂಭಿಸಿ. ಶಸ್ತ್ರಚಿಕಿತ್ಸೆಗೆ ಮೊದಲಿನ ನಾಲ್ಕು ವಾರ ನಿಮ್ಮ ಕೈಯಲ್ಲಿವೆ.

ತಮ್ಮನನ್ನು ಕಳೆದುಕೊಂಡವರು

ರಬ್ಬರ್ ಬ್ಯಾಂಡಿನ ವಿಷಯ ಓದಿದ ಮೇಲೆ ಸುಮ್ಮನೆ ಕೂತಿದ್ದೆ. ನನ್ನ ತಮ್ಮನೂ ಕೊನೆಯವರೆಗೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಿದ್ದ. ಶಿಕ್ಷಕಿಯವರೇ, ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮ ಉಸಿರು ಈಗ ಹೇಗಿದೆ ಎಂದು ಬರೆಯಿರಿ.

ನಿವೃತ್ತ ಶಿಕ್ಷಕಿ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಮಾತಿಗೆ ನಾನು ನೊಂದುಕೊಳ್ಳಲಿಲ್ಲ. ನಾನೇ ನನಗೆ ಹೇಳಿಕೊಳ್ಳುತ್ತಿದ್ದ ಮಾತು ಅದು.

ಚೀಟಿ ಬರೆದುಕೊಂಡು ಹೋಗಿದ್ದೆ. ವೈದ್ಯರು ಅದನ್ನು ಕೈಗೆ ತೆಗೆದುಕೊಂಡು ಓದಿ, ಎಕ್ಸ್‌ರೇ ಮತ್ತು ಉಸಿರಾಟದ ಪರೀಕ್ಷೆ ಮಾಡಿಸಿ, ನರನೋವಿಗೆಂದು ರಾತ್ರಿ ಒಂದು ಮಾತ್ರೆ ಕೊಟ್ಟರು. ಉರಿ ಅರ್ಧಕ್ಕೆ ಇಳಿದಿದೆ, ಮರಗಟ್ಟಿದ ಜಾಗ ಹಾಗೆಯೇ ಇದೆ. ಹೋದ ವಾರ ಮೊದಲ ಬಾರಿಗೆ ಬಲಮಗ್ಗುಲಿನಲ್ಲಿ ಎಚ್ಚರವಾಯಿತು. ಯಾವಾಗ ಹೊರಳಿದೆನೋ ಗೊತ್ತಾಗಲಿಲ್ಲ. ಗೋಡೆಯ ಮೇಲೆ ಹನ್ನೊಂದು ಪೆನ್ಸಿಲ್ ಗೆರೆಗಳಿವೆ, ಮೇಲಿನ ಮೂರು ಒಂದಕ್ಕೊಂದು ಅಂಟಿಕೊಂಡಂತಿವೆ.

ಮೊಮ್ಮಗಳಿಗೆ ದಿನವೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ಮೊದಲು ಎರಡು ಸಾಲಿಗೆ ಕೆಮ್ಮು ಬರುತ್ತಿತ್ತು, ಈಗ ಒಂದು ಪುಟ ದಾಟುತ್ತದೆ. ಅಲ್ಪವಿರಾಮದಲ್ಲಿ ನಾನು ನಿಂತರೆ ಅವಳು ಆ ಜಾಗದಲ್ಲಿ ಬೆರಳಿಟ್ಟು ಕಾಯುತ್ತಾಳೆ. ಮನೆಯವರಿಗೆ ಹತ್ತೊಂಬತ್ತರಲ್ಲಿ ಮೂರು ಎಂಬ ಲೆಕ್ಕವನ್ನು ಹೇಳಿದೆ. ಈಗ ನಾನು ಮಹಡಿಯ ಮಧ್ಯೆ ನಿಂತರೆ ಯಾರೂ ಏನಾಯಿತು ಎಂದು ಕೇಳುವುದಿಲ್ಲ, ಅವರೂ ನಿಲ್ಲುತ್ತಾರೆ.

ಮೊದಲ ಸಿಟಿ ಸ್ಕ್ಯಾನ್ ಇನ್ನು ಎರಡು ತಿಂಗಳಿಗೆ ಇದೆ. ದಾದಿಯವರು ಹೇಳಿದ ಭಯ ಈಗಲೇ ಶುರುವಾಗಿದೆ, ಅದನ್ನೂ ಹೊಸ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ವರದಿ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.